ಬಿಲ್ಲೆಗೆ ಬಂದ ಬೆಲೆ

ಹಳೇ ಬಿಸ್ಕತ್ತಿನ ಟಿನ್ನಿಗೆ ಆಕೆ 30 ಡಾಲರ್ ಹೇಳಿದರು. ನಾನು 25 ಅಂದೆ. ಆಕೆ ಟಿನ್ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, "ಸರಿ, ತೊಗೊಳ್ಳಿ" ಅಂದರು.

ಇದು 2014ರ ಒಂದು ಶನಿವಾರದ ಮಾತು. ಊರು ಕ್ಯಾಲಿಫೋರ್ನಿಯಾದ ಫುಲರ್ಟನ್. ಇಲ್ಲಿ ಶನಿವಾರ ಬಂತೆಂದರೆ ಬೇಡವಾದ ಸಾಮಾನನ್ನೆಲ್ಲ ಮನೆ ಮುಂದೆ ಹರಡಿಕೊಂಡು ಮಾರುತ್ತಾರೆ. ಗರಾಜ್ ಸೇಲ್ ಅಂತ ಅದಕ್ಕೆ ಹೆಸರು. ಪಕ್ಕದ ಊರು ಅನಹೈಮ್. ಡಿಸ್ನಿಲ್ಯಾಂಡ್ ಇರುವುದು ಅಲ್ಲೇ. ಹಾಗಾಗಿ ನಮ್ಮ ಸುತ್ತಮುತ್ತಲಿನ ಹಳೇ ಮನೆಗಳಲ್ಲಿ ಅಪ್ಪನೋ ಅತ್ತೆಯೋ ಒಂದು ಕಾಲದಲ್ಲಿ ಆ ಪಾರ್ಕಿನಲ್ಲಿ ಕೆಲಸ ಮಾಡಿದವರೇ. ಈಕೆಯ ಗಂಡ 1958ರಲ್ಲಿ ಸೇರಿ, ಜಂಗಲ್ ಕ್ರೂಸ್ ಅನ್ನುವ ಆಟದಲ್ಲಿ ಜನರನ್ನು ಕೂರಿಸಿಕೊಂಡು ದೋಣಿ ನಡೆಸುತ್ತಿದ್ದರಂತೆ. ತೀರಿಕೊಂಡು ಎರಡು ವರ್ಷ ಆಗಿತ್ತು.

ಮನೆಗೆ ಬಂದು ಟಿನ್ ಸುರುವಿದೆ. ಅರ್ಧ ಹರಿದ ಟಿಕೆಟ್ ಪುಸ್ತಕಗಳು, ಒಂದಷ್ಟು ಗುಂಡಿ, ತುಕ್ಕು ಹಿಡಿದ ಸೇಫ್ಟಿ ಪಿನ್, ಮತ್ತೆ ಒಂದು ಲೋಹದ ಬಿಲ್ಲೆ. ಬಿಲ್ಲೆ ಮೇಲೆ ಡಿಸ್ನಿಲ್ಯಾಂಡ್ ಅಂತ ಇತ್ತು, ಜೊತೆಗೊಂದು ನಂಬರ್. ಯಾರ ಹೆಸರೂ ಇಲ್ಲ. ನಮ್ಮ ಕಡೆ ಕಚೇರಿಯ ಜವಾನರ ಎದೆ ಮೇಲೆ ಇರುತ್ತಿತ್ತಲ್ಲ, ಅಂಥದ್ದೇ. ನಾನು ಟಿಕೆಟ್‌ಗಳನ್ನು ತೆಗೆದಿಟ್ಟುಕೊಂಡು ಬಿಲ್ಲೆಯನ್ನು ಟಿನ್ನಿಗೇ ವಾಪಸ್ ಹಾಕಿದೆ. ಐದು ವರ್ಷ ಅದು ಅಲ್ಲೇ ಬಿದ್ದಿತ್ತು.

ಡಿಸ್ನಿಲ್ಯಾಂಡಿನ ಹಳೇ ಸಾಮಾನು ಕೂಡಿಡುವ ಈ ಹುಚ್ಚು ಹಿಡಿದದ್ದು ಟಿಕೆಟ್‌ಗಳಿಂದಲೇ. 1999ರಲ್ಲಿ ಇಲ್ಲಿಗೆ ಬಂದ ಹೊಸತರಲ್ಲಿ, ಪಾಸಡೀನಾದ ರೋಸ್ ಬೌಲ್ ಸ್ಟೇಡಿಯಮ್ಮಿನಲ್ಲಿ ತಿಂಗಳ ಎರಡನೇ ಭಾನುವಾರ ನಡೆಯುವ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಒಬ್ಬನ ಮೇಜಿನ ಮೇಲೆ ಬಣ್ಣಬಣ್ಣದ ಟಿಕೆಟ್ ಹರಡಿತ್ತು. ಒಂದರ ಮೇಲೆ ಎ, ಇನ್ನೊಂದರ ಮೇಲೆ ಇ. ಎ ಟಿಕೆಟ್ ಒಂದು ಡಾಲರ್, ಇ ಟಿಕೆಟ್ ಎಂಟು ಡಾಲರ್. ಅಳತೆ ಒಂದೇ, ಕಾಗದ ಒಂದೇ. ಯಾಕಪ್ಪ ಅಂತ ಕೇಳಿದೆ. ಅಷ್ಟು ಕೇಳಿದ್ದೇ ತಪ್ಪಾಯಿತು.

ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಅದೇ ವರ್ಷದ ಅಕ್ಟೋಬರಿನಿಂದ ಆಟಗಳಿಗೆ ಟಿಕೆಟ್ ಪುಸ್ತಕ ಮಾರಲು ಶುರು ಮಾಡಿದರು. ಮೊದಲು ಎ, ಬಿ, ಸಿ ಮೂರೇ ದರ್ಜೆ. ಮುಂದಿನ ವರ್ಷ ಡಿ ಬಂತು. 1959ರಲ್ಲಿ ಮ್ಯಾಟರ್‌ಹಾರ್ನ್ ಬೆಟ್ಟದ ಜಾರುಬಂಡಿ, ಸಬ್‌ಮರೀನ್, ಮೋನೋರೈಲ್ ಮೂರೂ ಒಟ್ಟಿಗೆ ಶುರುವಾದಾಗ ಇ ಅನ್ನುವ ದರ್ಜೆ ಸೇರಿತು. ಇ ಅಂದರೆ ಎಲ್ಲಕ್ಕಿಂತ ಮಜಾ ಇರುವ ಆಟ. ಎ ಅಂದರೆ ಬೀದಿಯಲ್ಲಿ ಓಡಾಡುವ ಕುದುರೆ ಗಾಡಿ, ಕುದುರೆ ಗೊಂಬೆಗಳ ತಿರುಗಣಿ, ಇಂಥವು. ಜನ ಏನು ಮಾಡುತ್ತಾರೆ? ಇ ಟಿಕೆಟ್ ಎಲ್ಲ ಮೊದಲೇ ಖರ್ಚು. ಸಂಜೆ ಮಕ್ಕಳಿಗೆ ನಿದ್ದೆ ಬರುವ ಹೊತ್ತಿಗೆ ಪುಸ್ತಕದಲ್ಲಿ ಉಳಿಯುವುದು ಎ ಮತ್ತು ಬಿ. ಮುಂದಿನ ಸಲಕ್ಕೆ ಬರುತ್ತದೆ ಅಂತ ಅವನ್ನು ಮನೆಗೆ ತಂದು ಡ್ರಾದಲ್ಲಿ ಹಾಕುತ್ತಾರೆ. 1982ರಲ್ಲಿ ಈ ಪದ್ಧತಿಯೇ ನಿಂತುಹೋಯಿತು. ಹಾಗಾಗಿ ಇವತ್ತು ಎ ಟಿಕೆಟ್ ಮೂಟೆಗಟ್ಟಲೆ ಸಿಗುತ್ತದೆ, ಹರಿಯದ ಇ ಟಿಕೆಟ್ ಹುಡುಕಬೇಕು. ಇ-ಟಿಕೆಟ್ ಅನ್ನುವುದು ಇಲ್ಲಿನವರ ಬಾಯಲ್ಲಿ ಮಾತಾಗಿಯೇ ಉಳಿದಿದೆ. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಸ್ಯಾಲಿ ರೈಡ್ ಕೂಡ ತಮ್ಮ ಪ್ರಯಾಣವನ್ನು ಇ-ಟಿಕೆಟ್ ಅಂತಲೇ ಬಣ್ಣಿಸಿದ್ದರು.

ನಾನು ಸಾಗರದ ಕಡೆಯವನು. ಹುಡುಗನಾಗಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟವನು. ಟಿಕೆಟ್‌ನಿಂದ ನಕ್ಷೆಗೆ, ನಕ್ಷೆಯಿಂದ ಗೈಡ್ ಪುಸ್ತಕಕ್ಕೆ, ಅಲ್ಲಿಂದ ಪೋಸ್ಟರಿಗೆ ಹೋಗಲು ಹತ್ತು ವರ್ಷ ಸಾಕಾಯಿತು.

ಪೋಸ್ಟರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಪೆಟ್ಟು ತಿಂದದ್ದು ಅಲ್ಲೇ. ಪಾರ್ಕಿನ ಒಂದೊಂದು ಆಟಕ್ಕೂ ಒಂದೊಂದು ದೊಡ್ಡ ಪೋಸ್ಟರ್ ಇರುತ್ತಿತ್ತು. ಮೂರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಒಳಗೆ ಹೋಗುವಾಗ ರೈಲು ಹಳಿಯ ಕೆಳಗಿನ ಸುರಂಗದಲ್ಲಿ ಈಗಲೂ ಅಂಥವನ್ನು ನೋಡಬಹುದು. ಹಳೆಯವು ಸಿಲ್ಕ್ ಸ್ಕ್ರೀನಿನಲ್ಲಿ ಅಚ್ಚಾದವು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪರದೆ ಇಟ್ಟು ಶಾಯಿ ಎಳೆಯುತ್ತಾರೆ. ನಮ್ಮೂರಲ್ಲಿ ಮದುವೆ ಕಾಗದಕ್ಕೂ ಬಟ್ಟೆ ಬ್ಯಾನರಿಗೂ ಮಾಡುತ್ತಿದ್ದರಲ್ವಾ, ಅದೇ ಕೆಲಸ. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣ ಒಂದೇ ಹದವಾಗಿ, ಗಟ್ಟಿಯಾಗಿ ಕೂತಿರುತ್ತದೆ. ಈಚೆಗೆ ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿದ ನಕಲಾದರೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಕಾಣುತ್ತದೆ.

ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ 2009ರಲ್ಲಿ 220 ಡಾಲರ್ ಉಳಿಯುತ್ತಿತ್ತು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ "ಅರವತ್ತರ ದಶಕದ ಅಸಲಿ" ಅಂತ ಬರೆದಿದ್ದ. ಬಂದ ಮೇಲೆ ನೋಡಿದರೆ ಬರೀ ಚುಕ್ಕಿ. ವಾಪಸ್ ಕೇಳಿದರೆ ಉತ್ತರವೇ ಇಲ್ಲ. ಅದನ್ನು ಗರಾಜಿನ ಗೋಡೆಗೆ ಹಾಕಿದ್ದೇನೆ. ಪಾಠಕ್ಕೆ ಕಟ್ಟಿದ ಫೀಸು ಅಂದುಕೊಂಡಿದ್ದೇನೆ.

2011ರಲ್ಲಿ ಅಸಲಿಯೇ ಸಿಕ್ಕಿತು. ಪೀಪಲ್‌ಮೂವರ್‌ದು. 1967ರಲ್ಲಿ ಪಾರ್ಕಿನ ಟುಮಾರೋಲ್ಯಾಂಡ್ ಅನ್ನುವ ಭಾಗವನ್ನು ಹೊಸದಾಗಿ ಕಟ್ಟಿದಾಗ ಶುರುವಾದ, ನಿಧಾನವಾಗಿ ಮೇಲ್ಗಡೆ ಸುತ್ತುವ ಸಣ್ಣ ಬಂಡಿಗಳ ಸಾಲು ಅದು. 1995ರಲ್ಲಿ ನಿಲ್ಲಿಸಿದರು. ನಾನು ಬರುವುದಕ್ಕೆ ಮುಂಚೆಯೇ ಹೋದ ಆಟ. ಹತ್ತದ ಬಂಡಿ ಅಂತಲೇ ಏನೋ, ಅದರ ಮೇಲೆ ಆಸೆ ಜಾಸ್ತಿ. ಚುಕ್ಕಿ ಇರಲಿಲ್ಲ. ಬಣ್ಣ ಇನ್ನೂ ಹಸಿ ಹಸಿ ಅನ್ನಿಸುತ್ತಿತ್ತು. 1,650 ಡಾಲರ್ ಕೊಟ್ಟೆ. ಹಿಂದೆ ದಪ್ಪ ರಟ್ಟಿಗೆ ನೀಟಾಗಿ ಅಂಟಿಸಿದ್ದರು. ಸುಕ್ಕಾಗದ ಹಾಗೆ ಎಷ್ಟು ಚೆನ್ನಾಗಿ ಜೋಪಾನ ಮಾಡಿದ್ದಾರೆ ಅಂತ ಖುಷಿಪಟ್ಟೆ. ನನ್ನ ದಡ್ಡತನ ನೋಡಿ.

2019ರಲ್ಲಿ ಮಗಳು ಕಾಲೇಜಿಗೆ ಹೊರಟಳು. ನಾವು ಸಣ್ಣ ಮನೆಗೆ ಹೋಗುವುದು ಅಂತ ತೀರ್ಮಾನವಾಯಿತು. "ರೀ, ಆ ರದ್ದಿಯನ್ನೆಲ್ಲ ಯಾವಾಗ ತೆಗೀತೀರಿ?" ಅಂತ ನನ್ನ ಹೆಂಡತಿ ದಿನಕ್ಕೆರಡು ಸಲ ಕೇಳುತ್ತಿದ್ದಳು. ರದ್ದಿ ಅನ್ನಬೇಡ ಕಣೇ ಅಂದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯೇ ಸಂಖ್ಯೆಗಳು ಓಡುತ್ತಿದ್ದವು. 2017ರಲ್ಲಿ ಲಾಸ್ ಏಂಜಲೀಸ್‌ನ ಒಂದು ಹರಾಜಿನಲ್ಲಿ ಡಿಸ್ನಿಲ್ಯಾಂಡಿನ ಒಂದು ನಕ್ಷೆ 7,08,000 ಡಾಲರಿಗೆ ಹೋಗಿತ್ತು. 1953ರ ಸೆಪ್ಟೆಂಬರಿನಲ್ಲಿ ಹರ್ಬ್ ರೈಮನ್ ಅನ್ನುವ ಕಲಾವಿದ, ಪಕ್ಕದಲ್ಲಿ ವಾಲ್ಟ್ ಡಿಸ್ನಿಯನ್ನೇ ಕೂರಿಸಿಕೊಂಡು ಒಂದು ವಾರಾಂತ್ಯದಲ್ಲಿ ಬರೆದು ಮುಗಿಸಿದ ನಕ್ಷೆ. ವಾಲ್ಟ್‌ನ ಅಣ್ಣ ರಾಯ್ ಅದನ್ನು ನ್ಯೂಯಾರ್ಕಿಗೆ ಒಯ್ದು, ಹಣ ಹಾಕುವವರ ಮುಂದೆ ಹರಡಬೇಕಿತ್ತು. 2018ರಲ್ಲಿ ರಿಚರ್ಡ್ ಕ್ರಾಫ್ಟ್ ಅನ್ನುವ ಹಾಲಿವುಡ್ ಏಜೆಂಟ್ ತಮ್ಮ ಸಂಗ್ರಹವನ್ನು ಹರಾಜಿಗಿಟ್ಟಾಗ ಒಟ್ಟು 80 ಲಕ್ಷ ಡಾಲರಿಗೂ ಜಾಸ್ತಿ ಬಂತು. ಇಂಥ ಸುದ್ದಿ ಓದಿದವರಿಗೆಲ್ಲ ತಮ್ಮ ಅಟ್ಟದ ಮೇಲೂ ನಿಧಿ ಇದೆ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಒಂದು ಹರಾಜು ಸಂಸ್ಥೆಗೆ ಬರೆದೆ. ಮುಂದೆ, ಹಿಂದೆ, ನಾಲ್ಕೂ ಮೂಲೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ಕಳಿಸಿ ಅಂದರು. 60 ವಸ್ತುಗಳ ಫೋಟೋ ತೆಗೆಯಲು ಎರಡು ಭಾನುವಾರ ಹಿಡಿಯಿತು. ಟಿನ್ನಿನಲ್ಲಿದ್ದ ಬಿಲ್ಲೆಯನ್ನೂ ಸುಮ್ನೆ ಸೇರಿಸಿದೆ, ಲೆಕ್ಕ 60 ಆಗಲಿ ಅಂತ.

ಮೂರು ವಾರದ ಮೇಲೆ ಪೋಸ್ಟರನ್ನೂ ಬಿಲ್ಲೆಯನ್ನೂ ಎದುರಿಗೇ ನೋಡಬೇಕು ಅಂತ ಕರೆದರು. ಪರೀಕ್ಷೆ ಮಾಡುವವರು ಪೋಸ್ಟರನ್ನು ಮೇಜಿನ ಮೇಲೆ ಮಲಗಿಸಿ, ಟೇಪು ಹಿಡಿದು ಅಳೆದರು. ಭೂತಗನ್ನಡಿ ತೆಗೆಯುವ ಮುಂಚೆಯೇ ಮುಖ ಸಣ್ಣದಾಯಿತು. ರಟ್ಟಿನ ಅಳತೆಗೆ ಸರಿಹೋಗಲಿ ಅಂತ ಹಿಂದೆ ಯಾರೋ ಅಂಚನ್ನು ಕಾಲಿಂಚು ಕತ್ತರಿಸಿದ್ದರು. ಅದಕ್ಕಿಂತ ದೊಡ್ಡ ತೊಂದರೆ ಅಂಟು. ಬಿಸಿ ಮಾಡಿ ರಟ್ಟಿಗೆ ಅಂಟಿಸಿದ ಕಾಗದವನ್ನು ಮತ್ತೆ ಬಿಡಿಸುವುದು ಕಷ್ಟ. ಬಿಡಿಸಬಲ್ಲವರು ಇದ್ದಾರೆ, ಆದರೆ ಅವರ ಕೂಲಿ ಪೋಸ್ಟರಿನ ಬೆಲೆಗೆ ಹತ್ತಿರ ಬರುತ್ತದೆ. ಬಟ್ಟೆಯ ಮೇಲೆ, ನೀರಿಗೆ ಬಿಡುವ ಗೋಂದಿನಲ್ಲಿ ಕೂರಿಸಿದ್ದರೆ ಪರವಾಗಿರಲಿಲ್ಲವಂತೆ. ನಾನು ಜೋಪಾನ ಅಂದುಕೊಂಡದ್ದೇ ಗಾಯ.

ಆಮೇಲೆ ಆತ ಬಿಲ್ಲೆಯನ್ನು ಎತ್ತಿಕೊಂಡರು. ತಿರುಗಿಸಿ ಹಿಂದಿನ ಪಿನ್ ನೋಡಿದರು. "ಇದು ನಿಮಗೆ ಎಲ್ಲಿ ಸಿಕ್ಕಿತು?" ಅಂತ ಕೇಳಿದ ದನಿಯೇ ಬೇರೆ ಇತ್ತು.

ವಿಷಯ ಇಷ್ಟು. ಡಿಸ್ನಿಲ್ಯಾಂಡ್ ನೌಕರರ ಎದೆ ಮೇಲೆ ಹೆಸರು ಬಂದದ್ದು 1962ರಲ್ಲಿ. ಅದಕ್ಕೆ ಮುಂಚೆ ಅವರಿಗೆ ನಂಬರಿನ ಬಿಲ್ಲೆ. ಪೋಸ್ಟರನ್ನಾದರೆ ಚೆಂದ ಅಂತ ಇಟ್ಟುಕೊಂಡವರು ಇದ್ದರು. ಟಿಕೆಟ್ಟನ್ನು ಮರೆತು ಇಟ್ಟುಕೊಂಡರು. ನಂಬರ್ ಬಿಲ್ಲೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕೇ ಈಗ ಅದನ್ನು ಹುಡುಕುವವರು ಇದ್ದಾರೆ.

ಆದರೆ ಬಾಯಿಮಾತು ಸಾಲದು ಅಂದರು. ನೌಕರರ ವಸ್ತು ಅಂದ ಕೂಡಲೇ ಕದ್ದದ್ದೋ ಕೊಟ್ಟದ್ದೋ ಅನ್ನುವ ಪ್ರಶ್ನೆ ಬರುತ್ತದೆ. ಆಗಷ್ಟೇ ಫ್ಲೋರಿಡಾದ ಡಿಸ್ನಿ ಪಾರ್ಕಿನಲ್ಲಿ ಬಝಿ ಅನ್ನುವ ಯಂತ್ರದ ಗೊಂಬೆಯ ಬಟ್ಟೆಬರೆ ಕಳುವಾಗಿ, ಹಳೇ ನೌಕರನೊಬ್ಬನ ಮೇಲೆ ಕೇಸ್ ಆಗಿತ್ತು. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದಕ್ಕೆ ಕಾಗದ ಬೇಕು. ಗರಾಜ್ ಸೇಲಿನಲ್ಲಿ ರಸೀದಿ ಯಾರು ಕೊಡುತ್ತಾರೆ?

ಐದು ವರ್ಷದ ಮೇಲೆ ಆ ಮನೆಯ ಬಾಗಿಲು ತಟ್ಟಿದೆ. ಹಳದಿ ಮನೆ, ಮುಂದೆ ನಿಂಬೆ ಗಿಡ, ಅಷ್ಟೇ ನೆನಪಿದ್ದದ್ದು. ಬಾಗಿಲು ತೆರೆದದ್ದು ಆಕೆಯೇ. ಎಂಬತ್ತೈದರ ಮೇಲಾಗಿತ್ತು. ನನ್ನ ಗುರುತು ಸಿಗಲಿಲ್ಲ, ಟಿನ್ನಿನ ಗುರುತು ಸಿಕ್ಕಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಿಲ್ಲೆಗೆ ಮುನ್ನೂರು ನಾನ್ನೂರು ಡಾಲರ್ ಬರಬಹುದು ಅಂತಾರೆ, ನೀವು ಒಂದು ಕಾಗದ ಬರೆದುಕೊಟ್ಟರೆ ಬಂದದ್ದರಲ್ಲಿ ಅರ್ಧ ನಿಮಗೆ ಅಂದೆ. ಇದನ್ನು ಮೊದಲೇ ಯೋಚಿಸಿಕೊಂಡು ಹೋಗಿದ್ದೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಆಕೆಯನ್ನು ನೋಡಿದ ಮೇಲೆ ಬಾಯಿಗೆ ಬಂತು.

ಆಕೆ ಅಡುಗೆಮನೆಯ ಮೇಜಿನ ಹತ್ತಿರ ಕೂತು ಒಂದು ಪುಟ ಬರೆದರು. ಗಂಡ ಯಾವ ವರ್ಷ ಸೇರಿದರು, ಎಲ್ಲಿ ಕೆಲಸ, ಬಿಲ್ಲೆ ಮನೆಗೆ ಹೇಗೆ ಬಂತು, ಕೊನೆಗೆ ಸಹಿ, ತಾರೀಕು. ಆಮೇಲೆ ಒಳಗೆ ಹೋಗಿ ಒಂದು ಫೋಟೋ ತಂದರು. ದೋಣಿಯ ಮುಂದೆ ಒಬ್ಬ ತೆಳ್ಳಗಿನ ಹುಡುಗ, ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ನಿಂತಿದ್ದಾನೆ. ಅಂಗಿಯ ಮೇಲೆ ಬಿಲ್ಲೆ. ಭೂತಗನ್ನಡಿ ಇಟ್ಟರೆ ನಂಬರಿನ ಕೊನೆಯ ಎರಡು ಅಂಕೆ ಓದಲು ಬರುತ್ತಿತ್ತು. "ಅವರಿಗೆ ಆ ಬಿಲ್ಲೆ ಕಂಡರೆ ಆಗುತ್ತಿರಲಿಲ್ಲ" ಅಂದರು ಆಕೆ. "ಪಿನ್ನು ಅಂಗಿಯನ್ನೆಲ್ಲ ತೂತು ಮಾಡುತ್ತಿತ್ತು. ಹೊಲಿಯುತ್ತಿದ್ದವಳು ನಾನು."

ನನ್ನ 60ರಲ್ಲಿ ಹರಾಜಿಗೆ ಒಪ್ಪಿಕೊಂಡದ್ದು ನಾಲ್ಕು ಲಾಟ್ ಮಾತ್ರ. ಪೋಸ್ಟರ್, ಬಿಲ್ಲೆ, ಡಿಸ್ನಿಯ ಕಲಾವಿದ ಸ್ಯಾಮ್ ಮೆಕ್‌ಕಿಮ್ ಬರೆದ ಪಾರ್ಕಿನ 1962ರ ಒಂದು ನಕ್ಷೆ, ಗೈಡ್ ಪುಸ್ತಕಗಳು ಮತ್ತು ಇ ಟಿಕೆಟ್ ಉಳಿದಿರುವ ಪುಸ್ತಕಗಳನ್ನೆಲ್ಲ ಸೇರಿಸಿ ಒಂದು ಗುಡ್ಡೆ. ನೂರಾರು ಎ ಟಿಕೆಟ್‌ಗಳನ್ನು ವಿನಯದಿಂದ ವಾಪಸ್ ಕೊಟ್ಟರು.

ಕರಾರು ಪತ್ರ ಆರು ಪುಟ. ಓದುತ್ತಾ ಓದುತ್ತಾ ನನಗೆ ಸಾಗರದ ಅಡಿಕೆ ಮಂಡಿ ನೆನಪಾಯಿತು. ಅಪ್ಪಯ್ಯನ ಜೊತೆ ಅಲ್ಲಿ ಬೆಂಚಿನ ಮೇಲೆ ಕಾದು ಕೂತವನು ನಾನು. ಅಡಿಕೆಯಲ್ಲೇ ರಾಶಿ ಬೇರೆ, ಬೆಟ್ಟೆ ಬೇರೆ, ಚಾಲಿ ಬೇರೆ. ಲಾಟ್ ಮಾಡಿ ಇಡುವುದು, ವ್ಯಾಪಾರಿಗಳು ಕೈಯಲ್ಲಿ ಎತ್ತಿ ನೋಡಿ ಚೀಟಿಯಲ್ಲಿ ದರ ಬರೆಯುವುದು, ದಲಾಲಿ ಹಿಡಿದು ಉಳಿದದ್ದನ್ನು ಕೊಡುವುದು. ಇಲ್ಲಿಯೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಇರುವುದು ದಲಾಲಿಯಲ್ಲಿ. ಮಾರುವವನಿಂದ ಶೇ 15, ವಿಮೆಗೆ ಅಂತ ಶೇ 1. ಅಷ್ಟಕ್ಕೇ ಮುಗಿಯಲಿಲ್ಲ, ಕೊಳ್ಳುವವನಿಂದಲೂ ಶೇ 25. ಒಂದು ವಸ್ತು ಸಾವಿರ ಡಾಲರಿಗೆ ನಿಂತಿತು ಅನ್ನಿ. ಕೊಂಡವನು 1,250 ಕೊಡುತ್ತಾನೆ, ಮೇಲೆ ತೆರಿಗೆ. ನನಗೆ ಬರುವುದು 840. ಮಧ್ಯದ 410 ಅವರದ್ದು. ಅಪ್ಪಯ್ಯ ಇದ್ದಿದ್ದರೆ ಮಾಲು ವಾಪಸ್ ಗಾಡಿಗೆ ಏರಿಸುತ್ತಿದ್ದರು.

ಆಮೇಲೆ ರಿಸರ್ವ್. ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅಂತ ಮಾರುವವನು ಗುಟ್ಟಾಗಿ ಇಟ್ಟುಕೊಳ್ಳುವ ಬೆಲೆ. ಪೋಸ್ಟರಿಗೆ 1,650ನ್ನೇ ಇಡಿ ಅಂದೆ, ಹಾಕಿದ್ದಾದರೂ ಬರಲಿ ಅಂತ. ಆತ ತಲೆಯಾಡಿಸಿದರು. ರಿಸರ್ವ್ ಜಾಸ್ತಿಯಾದರೆ ಕೂಗು ಅಲ್ಲಿಗೆ ಮುಟ್ಟದೆ ಬಿದ್ದುಹೋಗುತ್ತದೆ. ಒಮ್ಮೆ ಹಾಗೆ ಬಿದ್ದ ವಸ್ತುವನ್ನು ಮುಂದಿನ ಹರಾಜಿನಲ್ಲಿ ಜನ ಅನುಮಾನದಿಂದ ನೋಡುತ್ತಾರೆ. ಕೊನೆಗೆ ಸಾವಿರಕ್ಕೆ ಒಪ್ಪಿದೆ. ಬಿಲ್ಲೆಗೆ ರಿಸರ್ವ್ ಬೇಡ ಅಂದರು.

ಹರಾಜು ಒಂದು ಶನಿವಾರ. ಎಂಟುನೂರರಷ್ಟು ಲಾಟ್, ಗಂಟೆಗೆ ಎಪ್ಪತ್ತರಂತೆ ಓಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂತೆ. ಸಭೆಯಲ್ಲಿ ನಲವತ್ತು ಜನ ಇದ್ದರೆ ಹೆಚ್ಚು. ನಿಜವಾದ ಪೈಪೋಟಿ ಫೋನ್ ಹಿಡಿದು ಸಾಲಾಗಿ ಕೂತ ಹುಡುಗಿಯರ ಕಡೆಯಿಂದ, ಮತ್ತೆ ಕಂಪ್ಯೂಟರ್ ಪರದೆಯಿಂದ. ಕೂಗುವವರ ಬಾಯಿ ಚುರುಕು. ಒಂದು ಲಾಟಿಗೆ ಒಂದು ನಿಮಿಷವೂ ಇಲ್ಲ. ನನ್ನ ಇಪ್ಪತ್ತು ವರ್ಷದ ಭಾನುವಾರಗಳು ನಾಲ್ಕು ನಿಮಿಷದಲ್ಲಿ ಮುಗಿಯಲಿವೆ ಅನ್ನಿಸಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಹೊರಗೆ ಹೋಗಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಬಂದೆ.

ಪೋಸ್ಟರ್ ಬಂತು. 700ಕ್ಕೆ ಶುರು. 800, 900. ನಿಂತುಹೋಯಿತು. ಕೂಗುವವರು ಸಭೆಯ ಸುತ್ತ ಕಣ್ಣಾಡಿಸಿದರು. ಫೋನಿನ ಹುಡುಗಿಯೊಬ್ಬಳು ಕೈ ಎತ್ತಿದಳು. 1,000. ಪರದೆಯಲ್ಲಿ 1,050. ಸುತ್ತಿಗೆ ಬಿತ್ತು. ನಕ್ಷೆ 325, ಪುಸ್ತಕದ ಗುಡ್ಡೆ 275. ಇವೆರಡೂ ಯಾವಾಗ ಬಂದವು, ಯಾವಾಗ ಹೋದವು ಗೊತ್ತೇ ಆಗಲಿಲ್ಲ.

ಬಿಲ್ಲೆ ಬಂದಾಗ ಪರದೆಯ ಮೇಲೆ ಪಕ್ಕದಲ್ಲೇ ಆ ಹುಡುಗನ ಫೋಟೋ ಹಾಕಿದ್ದರು. ಸಭೆಯಲ್ಲಿ ಸಣ್ಣಗೆ ಒಂದು ಗುಜುಗುಜು. 200ಕ್ಕೆ ಶುರುವಾಗಿ 400ರವರೆಗೆ ನಾಲ್ಕೈದು ಜನ ಕೂಗಿದರು. ಆಮೇಲೆ ಇಬ್ಬರೇ ಉಳಿದರು. ಒಬ್ಬರು ಫೋನಿನಲ್ಲಿ, ಇನ್ನೊಬ್ಬರು ನನ್ನ ಎರಡು ಸಾಲು ಮುಂದೆ, ಬಿಳಿ ಜುಟ್ಟಿನ ಒಬ್ಬ ಮುದುಕ. 600, 700, 800. ಮುದುಕ ಪ್ರತಿ ಸಲವೂ ಕೈ ಎತ್ತುವ ಬದಲು ಗಲ್ಲ ಮಾತ್ರ ಎತ್ತುತ್ತಿದ್ದ. 1,000ಕ್ಕೆ ಫೋನು. ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಗಲ್ಲ ಎತ್ತಿದ. 1,100. ಫೋನಿನ ಹುಡುಗಿ ತಲೆ ಅಲ್ಲಾಡಿಸಿ ಕೆಳಗಿಟ್ಟಳು.

ಯಾರು ಕೊಂಡರು ಅಂತ ಮಾರಿದವನಿಗೆ ಹೇಳುವ ಪದ್ಧತಿ ಇಲ್ಲ. ಮುದುಕ ನನ್ನ ಕಣ್ಣೆದುರೇ ಇದ್ದ. ಹೋಗಿ ಮಾತಾಡಿಸಬೇಕು ಅನ್ನಿಸಿತು. ಆತನೂ ಅಲ್ಲಿ ಕೆಲಸ ಮಾಡಿದವನೋ, ಆ ಹುಡುಗನ ಗೆಳೆಯನೋ ಆಗಿರಬಹುದಲ್ವಾ? ನಾನು ಏಳುವಷ್ಟರಲ್ಲಿ ಆತ ಕೌಂಟರಿನ ಕಡೆ ಹೊರಟುಹೋಗಿದ್ದ.

ದುಡ್ಡು ಬಂದದ್ದು 45 ದಿನದ ಮೇಲೆ. ನಾಲ್ಕೂ ಸೇರಿ 2,750. ದಲಾಲಿ, ವಿಮೆ ಹೋಗಿ ಕೈಗೆ 2,310. ಸಂಗ್ರಹದ ವಸ್ತುಗಳನ್ನು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಅಮೆರಿಕದಲ್ಲಿ ಶೇ 28ರವರೆಗೆ ಕೇಂದ್ರದ ತೆರಿಗೆ. ಪೋಸ್ಟರಿನಲ್ಲಿ ಲಾಭವೇ ಇರಲಿಲ್ಲ, ಆ ತಲೆನೋವು ಕಡಿಮೆಯಾಯಿತು. ಹೆಂಡತಿ ಚೆಕ್ ನೋಡಿ ಏನೂ ಹೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟು ಹಾಕಿದ್ದೀರಿ ಅಂತ ಕೇಳಲಿಲ್ಲವಲ್ಲ, ಅದೇ ದೊಡ್ಡದು.

ಆ ಭಾನುವಾರ ಹಳದಿ ಮನೆಗೆ ಹೋದೆ. 462 ಡಾಲರಿನ ಚೆಕ್ ಕೊಟ್ಟೆ. ಆಕೆ ಕನ್ನಡಕ ಹಾಕಿಕೊಂಡು ನೋಡಿದರು. "ಸಾವಿರದ ನೂರಕ್ಕೆ ಹೋಯಿತು ಅಂದಿರಿ. ಅರ್ಧ ಅಂದರೆ ಐನೂರೈವತ್ತು ಆಗಬೇಕಲ್ಲ?"

ಕೂತು ವಿವರಿಸಿದೆ. ಶೇ 15, ಶೇ 1, ಕೊಳ್ಳುವವನ ಶೇ 25, ರಿಸರ್ವ್ ಅಂದರೆ ಏನು, ಪೋಸ್ಟರಿಗೆ ಯಾಕೆ ಇಟ್ಟೆವು, ಬಿಲ್ಲೆಗೆ ಯಾಕೆ ಇಡಲಿಲ್ಲ. ಆಕೆ ಒಂದೊಂದಕ್ಕೂ ತಲೆದೂಗಿದರು. ನಡುವೆ ಎರಡು ಪ್ರಶ್ನೆ ಕೇಳಿದರು, ಎರಡೂ ಸರಿಯಾದ ಪ್ರಶ್ನೆಗಳೇ.

ಹೊರಡುವಾಗ "ಒಂದು ನಿಮಿಷ ಇರಿ" ಅಂದು ಒಳಗಿನಿಂದ ಒಂದು ಫೈಲ್ ತಂದರು. ಒಳಗೆ ಸೈಕ್ಲೋಸ್ಟೈಲ್ ಮಾಡಿದ ಹತ್ತನ್ನೆರಡು ಹಾಳೆ. ದೋಣಿ ನಡೆಸುವವರು ಜನರಿಗೆ ಹೇಳಬೇಕಾದ ಮಾತುಗಳೆಲ್ಲ ಟೈಪಾಗಿದ್ದವು. ನೀರಾನೆ ಎದ್ದಾಗ ಏನು ಹೇಳಬೇಕು, ಯಾವಾಗ ಸುಳ್ಳು ಗುಂಡು ಹಾರಿಸಬೇಕು. ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಆ ಹುಡುಗ ತನ್ನದೇ ಜೋಕುಗಳನ್ನು ಬರೆದುಕೊಂಡಿದ್ದ. ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಗುರುತು, ಬಹುಶಃ ಜನ ನಕ್ಕಿದ್ದಕ್ಕೆ. ಮೂರನೇ ಪುಟದ ಒಂದಕ್ಕೆ ನನಗೂ ನಗು ಬಂತು.

ಕೈ ಸ್ವಲ್ಪ ನಡುಗಿತು. ಆದಷ್ಟು ಸಾಧಾರಣ ದನಿಯಲ್ಲಿ, ಇದಕ್ಕೆ ಎಷ್ಟು ಹೇಳ್ತೀರಿ ಅಂದೆ.

ಆಕೆ ಫೈಲನ್ನು ಮೆಲ್ಲಗೆ ನನ್ನ ಕೈಯಿಂದ ತೊಗೊಂಡು ಮುಚ್ಚಿದರು.

"ನೀವೇ ಕೂಗಿ" ಅಂದರು. "ರಿಸರ್ವ್ ಇದೆ. ಎಷ್ಟು ಅಂತ ಹೇಳಲ್ಲ."